ಕಾಲುವೆ ಕಥೆ ಕೇಳಿದ ಹುಡುಗನಿಗೆ

ಮನೆಗೆ ಬಂದು ಹದಿನೈದು ದಿನ ಆಯ್ತು. ನಾಲ್ಕು ತಿಂಗಳು ಹಡಗಿನ ಅಲ್ಲಾಡುವ ಹಾಸಿಗೆಯಲ್ಲಿ ಮಲಗಿ ಅಭ್ಯಾಸ ಆಗಿ, ಈಗ ಮೈಸೂರಿನ ಮಂಚದ ಮೇಲೆ ನಿದ್ದೆ ಹತ್ತುತ್ತಿಲ್ಲ. ಎಲ್ಲರೂ ಫೋನ್ ಮಾಡಿ ವಿಚಾರಿಸುತ್ತಿದ್ದೀರಿ. ಇವರು ಚೆನ್ನಾಗಿದ್ದಾರೆ. ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಾರಿಗೆ ಉಪ್ಪು ಕಮ್ಮಿ ಅಂತ ಗೊಣಗುತ್ತಾರೆ. ನಡುಸಮುದ್ರದಲ್ಲಿ ಇವರ ಆರೋಗ್ಯ ಕೆಟ್ಟು ಏನಾಯ್ತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯಲ್ಲ. ಥ್ಯಾಂಕ್ಸ್ ಹೇಳೋದು ಬಾಕಿ ಇದೆ, ಅದಕ್ಕೆ ಕೂತಿದ್ದೇನೆ.

ಹಡಗಿನಲ್ಲಿ ಪ್ರಪಂಚ ಸುತ್ತುವ ಈ ಪ್ರವಾಸದ ಆಸೆ ಇವರದ್ದು. ನೀರಾವರಿ ಇಲಾಖೆಯಲ್ಲಿ 34 ವರ್ಷ ದುಡಿದವರು. ಪ್ರಪಂಚ ಸುತ್ತಬೇಕು ಅಂತ ಬಾಯಲ್ಲಿ ಹೇಳುತ್ತಿದ್ದರೂ ನಿಜವಾಗಿ ನೋಡಬೇಕಿದ್ದದ್ದು ಅಟ್ಲಾಂಟಿಕ್, ಪೆಸಿಫಿಕ್ ಎರಡೂ ಸಾಗರ ಸೇರಿಸುವ ಪನಾಮಾ ಕಾಲುವೆ. ಅವತ್ತು ಬೆಳಗಿನ ಐದಕ್ಕೇ ಡೆಕ್ ಮೇಲೆ ಹೋಗಿ ನಿಂತರು, ತಿಂಡಿಗೆ ಕರೆದರೂ ಬರಲಿಲ್ಲ. ಒಂದೂ ಪಂಪ್ ಇಲ್ಲ ಕಣೇ, ಮೇಲಿನ ಗಾಟುನ್ ಕೆರೆಯ ನೀರು ತಾನಾಗಿ ಇಳಿದು ಬಂದು ಇಷ್ಟು ದೊಡ್ಡ ಹಡಗನ್ನು ಗೇಟು ಹಾಕಿದ ಮೂರು ತೊಟ್ಟಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ 26 ಮೀಟರ್ ಮೇಲೆತ್ತುತ್ತೆ, 1914ರಿಂದ ಹೀಗೇ ನಡೀತಿದೆ ಅಂತ ಮಗುವಿನ ಹಾಗೆ ಹೇಳಿದ್ದೇ ಹೇಳಿದ್ದು. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಕೆರೆನೀರು ಸಮುದ್ರಕ್ಕೆ ಹೋಗುತ್ತೆ ಅಂತ ಗೊತ್ತಾದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. ಕಾವೇರಿ ನೀರಿನ ಲೆಕ್ಕ ಹಾಕಿದವರಲ್ವಾ.

ಸಂಜೆ ರೂಮ್ ಕ್ಲೀನ್ ಮಾಡಲು ಬಂದ ಹುಡುಗನನ್ನೂ ಬಿಡಲಿಲ್ಲ. ಅವನು ಮಂಗಳೂರು ಕಡೆಯವನು. ಮೊದಲ ವಾರದಲ್ಲೇ ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿಸಿಕೊಂಡು, "ಅಮ್ಮ, ನಿಮ್ಮದು ಎಲ್ಲಿ ಊರು?" ಅಂತ ಕೇಳಿದ್ದ. ಮರುದಿನದ ಕಾರ್ಯಕ್ರಮದ ಹಾಳೆಯ ಹಿಂದೆ ಇವರು ಗೇಟು, ಕೆರೆ, ಹಡಗು ಎಲ್ಲ ಬರೆದು ತೋರಿಸಿದರು. ಅವನು ಹೆಗಲ ಮೇಲೆ ನಾಲ್ಕು ಟವೆಲ್ ಹಾಕಿಕೊಂಡು ನಿಂತೇ ಪೂರ್ತಿ ಕೇಳಿದ.

ಆಮೇಲೆ ಆ ರಾತ್ರಿ. ಪೆಸಿಫಿಕ್ ಮಧ್ಯದ ತಾಹಿತಿ ದ್ವೀಪದ ಪಪೀಟೆ ಬಿಟ್ಟು ಮೂರನೇ ದಿನ, ನ್ಯೂಜಿಲೆಂಡಿನ ಆಕ್ಲೆಂಡ್ ಇನ್ನೂ ದೂರ, ಹೆಲಿಕಾಪ್ಟರ್ ಬರುವ ಹಾಗಿಲ್ಲ. ಸಮುದ್ರ ಜೋರಾಗಿತ್ತು. ವಾಂತಿ ಬಂದವರಿಗೆ ಅಂತ ಮೆಟ್ಟಿಲ ಕಂಬಿಗೆಲ್ಲ ಕಾಗದದ ಚೀಲ ಸಿಕ್ಕಿಸಿದ್ದರು. ಹಡಗಿನ ಆಸ್ಪತ್ರೆ ಕೆಳಗಿನ ಅಂತಸ್ತಿನಲ್ಲಿ. ಅಲೆ ಬಂದು ಬಡಿಯುವುದು ಗೋಡೆಯ ಆಚೆಯೇ ಕೇಳಿಸುತ್ತಿತ್ತು. ಬೆಳಗಿನವರೆಗೆ ಹೀಗೇ ತಡೆದರೆ ಸಾಕು ಅಂದರು ಡಾಕ್ಟರ್. ಇವರು ಕಣ್ಣು ಮುಚ್ಚಲು ಹೆದರುತ್ತಿದ್ದರು.

ಹತ್ತು ಗಂಟೆಗೆ ಡ್ಯೂಟಿ ಮುಗಿಸಿ, ಮೇಲಿನವರ ಅನುಮತಿ ಕೇಳಿಕೊಂಡು ಅವನು ಬಂದ. ಸ್ಟೂಲ್ ಎಳೆದು ಹತ್ತಿರ ಕೂತ. "ಸರ್, ಅವತ್ತು ಹೇಳಿದ್ರಲ್ಲ, ಕೆಳಗಿನ ಗೇಟ್ ಮುಚ್ಚಿದ ಮೇಲೆ ಎಂತ ಮಾಡುದು?" ಇವರು ಒಂದೊಂದೇ ಮಾತು ಜೋಡಿಸಿ ಹೇಳಿದರು. ಅವನು ಇನ್ನೊಂದು ಕೇಳಿದ. ನೀರು ಎಲ್ಲಿಂದ ಬರುದು, ಎಷ್ಟು ಹೊತ್ತು ಬೇಕು, ಹಡಗು ಗೋಡೆಗೆ ತಾಗುದಿಲ್ವಾ. ಮುಗಿದರೆ ಮತ್ತೆ ಮೊದಲಿಂದ. ನಿಧಾನವಾಗಿ ಇವರ ಉಸಿರು ಒಂದು ಹದಕ್ಕೆ ಬಂತು.

ನನ್ನಿಂದ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು ಲಿಫ್ಟ್ ಹತ್ತಿರ ನಿಂತೆ. ಆ ಹಡಗಿನ ಲಿಫ್ಟಿನಲ್ಲಿ ಅವತ್ತಿನ ವಾರದ ಹೆಸರು ಬರೆದ ಒಂದು ಮ್ಯಾಟ್ ಹಾಸಿರುತ್ತಿದ್ದರು, ಮಧ್ಯರಾತ್ರಿ ಬದಲಿಸುತ್ತಿದ್ದರು. ಅವತ್ತು ಮಂಗಳವಾರದ್ದನ್ನು ಸುತ್ತಿಟ್ಟು ಗುರುವಾರದ್ದು ಹಾಸಿದರು. ತಾರೀಕು ಬದಲಾಗುವ ದಿನರೇಖೆ ದಾಟುತ್ತಿದ್ದೆವು, ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಹಾರಿಹೋಗುತ್ತೆ, ನಮಗೆ ಬುಧವಾರವೇ ಇಲ್ಲ. ಹಿಂದಿನ ದಿನ ಇದನ್ನೇ ಎಷ್ಟು ಖುಷಿಯಿಂದ ಮಾತಾಡಿದ್ದೆವು. ಒಂದು ಇಡೀ ದಿನವನ್ನೇ ಇಲ್ಲ ಅನ್ನಿಸಿಬಿಡಬಹುದಾದರೆ ಒಬ್ಬ ಮನುಷ್ಯ ಯಾವ ಲೆಕ್ಕ ಅನ್ನಿಸಿ ಅಲ್ಲೇ ಕುಸಿದು ಕೂತೆ. ಹಡಗಿನಲ್ಲಿ ಹೆಣ ಇಡುವುದಕ್ಕೂ ಒಂದು ಕೋಣೆ ಇರುತ್ತದೆ ಅಂತ ಎಲ್ಲೋ ಓದಿದ್ದೆ. ಅದೂ ಇದೇ ಅಂತಸ್ತಿನಲ್ಲಿ ಇರಬಹುದಾ ಅಂತ ಬಾಗಿಲುಗಳನ್ನು ನೋಡುತ್ತಿದ್ದೆ. ಈ ಆಸೆಗೆ ಯಾಕೆ ಹೂಂ ಅಂದೆ ಅಂತ ನನ್ನ ಮೇಲೆ, ಯಾಕೆ ಆಸೆಪಟ್ಟರು ಅಂತ ಅವರ ಮೇಲೆ ಸಿಟ್ಟು. ಇದನ್ನು ಇವರಿಗೆ ಇನ್ನೂ ಹೇಳಿಲ್ಲ, ಇಲ್ಲೇ ಓದುತ್ತಾರೆ.

ಅವನು ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಫ್ಲಾಸ್ಕ್, ಅದರಲ್ಲಿ ಸಿಬ್ಬಂದಿ ಊಟದ ಮನೆಯಿಂದ ತಂದ ಗಂಜಿ, ಜೊತೆಗೆ ನಾನೇ ಅವನಿಗೆ ಕೊಟ್ಟಿದ್ದ ಮಿಡಿ ಉಪ್ಪಿನಕಾಯಿ. "ಎಂತ ಆಗುದಿಲ್ಲ ಅಮ್ಮ. ಸರ್ ಈಗ ಎರಡನೇ ಗೇಟಿಗೆ ಬಂದಿದ್ದಾರೆ," ಅಂದ. ನಾನು ಅಳುತ್ತಾ ಗಂಜಿ ಕುಡಿದೆ. ನಾಲ್ಕು ಗಂಟೆ ಹೊತ್ತಿಗೆ ಇವರಿಗೆ ನಿದ್ದೆ ಹತ್ತಿತು. ಆರೂವರೆಗೆ ಅವನು ಮುಖ ತೊಳೆದುಕೊಂಡು ರೂಮುಗಳ ಕೆಲಸಕ್ಕೆ ಹೋದ.

ಹಡಗಿನ ಡಾಕ್ಟರ್, ಇಬ್ಬರು ನರ್ಸ್, ಆಕ್ಲೆಂಡಿನ ಆಸ್ಪತ್ರೆಗೆ ದಿನಾ ಬಿಸಿ ಅನ್ನ ತಿಳಿಸಾರು ತಂದ ಕನ್ನಡದ ಕುಟುಂಬ, ನಮ್ಮ ಸೂಟ್‌ಕೇಸ್ ಪ್ಯಾಕ್ ಮಾಡಿಕೊಟ್ಟ ಊಟದ ಟೇಬಲ್ಲಿನ ಗೆಳೆಯರು, ಇನ್ಶೂರೆನ್ಸ್‌ನವರ ಹಿಂದೆ ಬಿದ್ದು ಬಿಲ್ ಪಾಸ್ ಮಾಡಿಸಿದ ಮಗ, ತುಳಸಿಗೆ ನೀರು ಹಾಕಿದ ಪಕ್ಕದ ಮನೆಯವರು, ನಿಮ್ಮೆಲ್ಲರ ಋಣ ಇದೆ.

ಸಿಂಗಾಪುರದಲ್ಲಿ ಮತ್ತೆ ಅದೇ ಹಡಗು ಹತ್ತಿದೆವು. ಬೇಡ ಅಂದವರೇ ಜಾಸ್ತಿ, ಡಾಕ್ಟರ್ ಹೂಂ ಅಂದಿದ್ದರು. ಕೆಂಪು ಸಮುದ್ರದ ಗಲಾಟೆಯಿಂದ ಸೂಯೆಜ್ ಕಾಲುವೆ ತಪ್ಪಿತು, ಆಫ್ರಿಕಾ ಬಳಸಿ ಹೋದೆವು. ಅದಕ್ಕೂ ಮೊದಲು ಕೊಚ್ಚಿಯಲ್ಲಿ ಅವನ ಹೆಂಡತಿ, ಎರಡೂವರೆ ವರ್ಷದ ಮಗಳು ಬಂದರಿಗೆ ಬಂದಿದ್ದರು. ಮಗು ಅಪ್ಪನನ್ನು ಏಳು ತಿಂಗಳು ಫೋನಿನಲ್ಲೇ ನೋಡಿದ್ದು. ಎತ್ತಿಕೊಂಡಾಗ ಅವನ ಗಲ್ಲ ಮುಟ್ಟಿ ಮುಟ್ಟಿ ನೋಡಿತು. ಅವನ ಹೆಂಡತಿ ನಮ್ಮವರಿಗೆ ಹೇಳಿದಳು, ಇವರು ಪನಾಮಾ ಒಂಬತ್ತು ಸಲ ದಾಟಿದ್ದಾರೆ, ಗೇಟ್ ಬಗ್ಗೆ ಮನೆಯಲ್ಲೂ ಹೇಳ್ತಾ ಇರ್ತಾರೆ ಅಂತ. ಒಂಬತ್ತು ಸಲ. ನಮ್ಮವರು ಅವನ ಮುಖ ನೋಡಿದರು. ಅವನು ಮಗುವಿನ ಟೋಪಿ ಸರಿ ಮಾಡುತ್ತಿದ್ದ.

ಹೆಸರು ಬರೀಬೇಡಿ ಅಮ್ಮ ಅಂದಿದ್ದೀಯ, ಬರೆದಿಲ್ಲ ಕಣಪ್ಪಾ. ಆ ಹಾಳೆ ಇವರ ಮೇಜಿನ ಗಾಜಿನ ಕೆಳಗಿದೆ. ರಜೆಗೆ ಊರಿಗೆ ಬಂದಾಗ ಮೂವರೂ ಮೈಸೂರಿಗೆ ಬನ್ನಿ. ಕೆಆರ್‌ಎಸ್‌ಗೆ ಕರೆದುಕೊಂಡು ಹೋಗುತ್ತಾರಂತೆ. ಆ ಗೇಟುಗಳ ವಿಷಯ ನಿಜವಾಗಿ ನಿನಗೆ ಗೊತ್ತಿರಲ್ಲ ಅಂತ ಈಗಿನಿಂದಲೇ ಖುಷಿಯಾಗಿದ್ದಾರೆ.