‘ಮಳೆಗಾಲ’ ಯಾರು ಅಂತ ನನಗೆ ಗೊತ್ತಿತ್ತು

ಸ್ವಾನ್ಸೀ, ವೇಲ್ಸ್
ಜೂನ್, ಶನಿವಾರ ರಾತ್ರಿ

ಪುಟ್ಟಿ,

ಈಗ ರಾತ್ರಿ ಹತ್ತೂವರೆ. ನೀನು ಗವರ್‌ನ ಯಾವುದೋ ಹುಲ್ಲುಗಾವಲಿನಲ್ಲಿ ಟೆಂಟ್ ಒಳಗೆ ಮಲಗಿದ್ದೀಯ. ಇಲ್ಲಿ ಮಳೆ ಹಿಡಿದುಕೊಂಡಿದೆ. ಗವರ್ ಏನು ದೂರ ಅಲ್ವಲ್ಲ, ಅಲ್ಲೂ ಬರುತ್ತಿರಬೇಕು. ಫೋನ್ ಮಾಡೋಣ ಅಂದ್ರೆ ನಿಮ್ಮ ಫೋನ್‌ಗಳನ್ನೆಲ್ಲ ಕವರ್‌ಗೆ ಹಾಕಿ ಅಂಟಿಸಿ, ತುರ್ತಿಗೆ ಮಾತ್ರ ಅಂತ ಹೇಳಿ ಕಳಿಸಿದ್ದಾರೆ. ಅಪ್ಪ ಎರಡು ಸಲ ಎದ್ದು ಹವಾಮಾನ ನೋಡಿದರು. ‘ಸುಮ್ನೆ ಮಲಗು, ಮಕ್ಕಳು ಚೆನ್ನಾಗಿರ್ತಾರೆ’ ಅಂತ ನನಗೆ ಹೇಳಿ ಮೂರನೇ ಸಲ ನೋಡಿದರು.

ನನಗೂ ನಿದ್ದೆ ಬರುತ್ತಿಲ್ಲ. ಅದಕ್ಕೇ ಈ ಕಾಗದ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು. ಒತ್ತಕ್ಷರ ತೊಡಕಾದರೆ ನನ್ನನ್ನು ಕೇಳಬೇಡ, ಕಾರ್ಡಿಫ್ ಆಂಟಿಯನ್ನು ಕೇಳು. ನೀನು ಈಗ ಟೆಂಟಿನಲ್ಲಿ ಮಲಗಿರುವುದೂ ಹುಡುಗ ಹುಡುಗಿಯರಿಗಿರುವ ಆ ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್‌ಗೋಸ್ಕರವೇ ಅಲ್ವಾ. ಅದರ ‘ಸ್ಕಿಲ್’ ಭಾಗಕ್ಕೆ ನೀನು ಕನ್ನಡ ಓದು-ಬರಹ ಅಂತ ಹಾಕಿದಾಗ ನಾನೇ ಅಸೆಸರ್ ಆಗ್ತೀನಿ ಅಂತ ಎಷ್ಟು ಖುಷಿಪಟ್ಟೆ! ಮನೆಯವರು ಆಗುವ ಹಾಗಿಲ್ಲವಂತೆ. ವಾರಕ್ಕೊಂದು ಗಂಟೆ ಲೆಕ್ಕದಲ್ಲಿ ಆರು ತಿಂಗಳು ಆಂಟಿ ನಿನಗೆ ವಿಡಿಯೋ ಕಾಲ್‌ನಲ್ಲಿ ಕಾಗುಣಿತ ಹೇಳಿಕೊಟ್ಟರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ‘ಕೃ’ ಬರೆಯಲು ನೀನು ಪಟ್ಟ ಪಾಡು ನೋಡಿ ಒಳಗೆ ಬಂದು ಕೈ ಹಿಡಿದು ಬರೆಸಬೇಕು ಅನ್ನಿಸುತ್ತಿತ್ತು. ತಡೆದುಕೊಂಡೆ.

ಈ ಅವಾರ್ಡ್ ಶುರುವಾಗಿದ್ದು 1956ರಲ್ಲಿ ಅಂತ ನಿನ್ನ ಪುಸ್ತಕದಲ್ಲಿ ನೋಡಿದೆ. ಮೊದಲು ಗಂಡು ಹುಡುಗರಿಗೆ ಮಾತ್ರ ಇತ್ತಂತೆ, ಹುಡುಗಿಯರಿಗೆ ಬಂದಿದ್ದು 1958ರಲ್ಲಿ. ನೀನು ಈಗ ಮಲಗಿರುವ ಗವರ್‌ಗೆ ಬ್ರಿಟನ್ನಿನ ಮೊದಲ ‘ವಿಶೇಷ ಪ್ರಕೃತಿ ಸೌಂದರ್ಯದ ಪ್ರದೇಶ’ ಅಂತ ಪಟ್ಟ ಸಿಕ್ಕಿದ್ದೂ 1956ರಲ್ಲೇ. ನಮ್ಮ ರಾಜ್ಯ ಒಂದಾಗಿದ್ದೂ ಅದೇ ವರ್ಷ. ಮೂರಕ್ಕೂ ಏನೂ ಸಂಬಂಧ ಇಲ್ಲ, ಆದರೂ ನಿನ್ನೆ ರಾತ್ರಿ ಬ್ಯಾಗ್ ತುಂಬುವಾಗ ಇದನ್ನೇ ಹೇಳಿ ಹೇಳಿ ನಿನ್ನ ತಲೆ ತಿಂದೆ.

ಆ ಬ್ಯಾಗಿನ ಕಥೆಯೇ ಬೇರೆ. ದೇಹದ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ಇರಬಾರದು ಅಂತ ನೀನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಬ್ಯಾಗ್ ಹೊತ್ತು ನಿಂತು, ಇಳಿಸಿ ಮತ್ತೆ ನಿಂತು ಲೆಕ್ಕ ಹಾಕಿದೆ. ಒಲೆ, ಸ್ಪಿರಿಟ್ ಬಾಟಲಿ, ಮಲಗುವ ಚೀಲ, ಒಂದೊಂದು ಜೊತೆ ಸಾಕ್ಸಿಗೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲ. ನಾನು ಪುಳಿಯೋಗರೆ ಗೊಜ್ಜಿನ ಸ್ಟೀಲ್ ಡಬ್ಬಿ ಇಟ್ಟೆ. ನೀನು ತೆಗೆದೆ. ನಾನು ಮತ್ತೆ ಇಟ್ಟೆ. ‘ಅಮ್ಮಾ, ನೂರೆಂಬತ್ತು ಗ್ರಾಂ!’ ಅಂದೆ. ಕೊನೆಗೆ ಒಂದು ಟೀ ಶರ್ಟ್ ತೆಗೆದು ಡಬ್ಬಿ ಉಳಿಸಿಕೊಂಡೆಯಲ್ಲ, ನಾನು ನೋಡಲಿಲ್ಲ ಅಂದುಕೊಂಡಿದ್ದೀಯ.

ಇರಲಿ. ಮಾರ್ಚ್‌ನಿಂದ ನಿನಗೆ ಒಂದು ವಿಷಯ ಹೇಳಿಲ್ಲ. ಅದನ್ನು ಹೇಳಬೇಕು. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೀನು ಇಯರ್ 7ಕ್ಕೆ ಸೇರಿದ ವರ್ಷ, ಮೊದಲ ಪೇರೆಂಟ್ಸ್ ಈವ್ನಿಂಗ್. ‘ಕ್ಲಾಸಲ್ಲಿ ಇವಳದ್ದು ಎಷ್ಟನೇ ರ್‍ಯಾಂಕ್?’ ಅಂತ ಕೇಳಿದೆ. ಪಾಪ, ಆ ಟೀಚರ್ ಒಂದು ಗಳಿಗೆ ಸುಮ್ಮನಾದರು. ಆಮೇಲೆ ನೀನು ನೆಟ್‌ಬಾಲ್ ತಂಡಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದೀಯ ಅಂತ ಹೇಳಿದರು. ವಾಪಸ್ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಶುಕ್ರವಾರ ಶಾಲೆಯಿಂದ ಬರುವ ಸುದ್ದಿಪತ್ರದಲ್ಲೂ ಅದೇ ಕಥೆ. ಒಬ್ಬಳು ಹಾರ್ಪ್ ಪರೀಕ್ಷೆ ಪಾಸಾದಳು, ಇನ್ನೊಬ್ಬ ರಗ್ಬಿಗೆ ಆಯ್ಕೆಯಾದ, ಕಾಯಿರ್‌ನವರು ಉರ್ದ್ ಸ್ಪರ್ಧೆಗೆ ಹೊರಟರು, ಇಯರ್ 10ರವರು ಕೇಕ್ ಮಾರಿ ಫುಡ್ ಬ್ಯಾಂಕಿಗೆ ದುಡ್ಡು ಕೊಟ್ಟರು. ನಾನು ಬೆರಳಲ್ಲಿ ಸರಸರ ತಳ್ಳುತ್ತಾ ಗಣಿತ ಎಲ್ಲಿದೆ ಅಂತ ಹುಡುಕುತ್ತಿದ್ದೆ.

ಇಯರ್ 8ರಲ್ಲಿ ನೀನು ಖ್ಲಾನ್‌ಗ್ರಾನೋಗ್ ಕ್ಯಾಂಪಿನ ಫಾರ್ಮ್ ತಂದೆ. ಉರ್ದ್ ಅನ್ನುವ ಸಂಸ್ಥೆ 1922ರಿಂದ ವೇಲ್ಸ್‌ನ ಮಕ್ಕಳಿಗಾಗಿ ನಡೆಯುತ್ತಿದೆ, ಸಮುದ್ರದ ದಡದ ಆ ಕ್ಯಾಂಪ್ ಅವರದ್ದು, 1932ರಿಂದ ಇದೆ, ಎಲ್ಲರೂ ಹೋಗ್ತಾರೆ ಅಂತ ಒಂದೇ ಉಸಿರಿಗೆ ಹೇಳಿದೆ. ಶನಿವಾರ ಗಣಿತದ ಟ್ಯೂಷನ್ ತಪ್ಪುತ್ತೆ ಅಂತ ನಾನು ಸಹಿ ಹಾಕಲಿಲ್ಲ. ನೀನು ಜಗಳ ಆಡಿದ್ದರೆ ಚೆನ್ನಾಗಿತ್ತು. ‘ಸರಿ ಅಮ್ಮ’ ಅಂತ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ. ಆ ಮಡಿಕೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಹಾಗೆ ಬೆಳೆದವಳು, ಏನು ಮಾಡಲಿ. ಸಾಗರದಲ್ಲಿ ಹೈಸ್ಕೂಲಿಗೆ ಹೋಗುವಾಗ ಭಾವಗೀತೆ ಸ್ಪರ್ಧೆಯಲ್ಲಿ ಎರಡು ವರ್ಷ ಬಹುಮಾನ ತಂದಿದ್ದೆ, ಎರಡು ಸಲವೂ ಸ್ಟೀಲ್ ಲೋಟ. ಹತ್ತನೇ ಕ್ಲಾಸಿಗೆ ಬಂದ ಕೂಡಲೇ ನಿನ್ನ ಅಜ್ಜ ಹಾರ್ಮೋನಿಯಂ ಎತ್ತಿ ಅಟ್ಟಕ್ಕೆ ಹಾಕಿದರು. ಇನ್ನೂ ಅಲ್ಲೇ ಇದೆ.

ಈಗ ಅಕ್ಟೋಬರ್‌ನ ಆ ರಾತ್ರಿಗೆ ಬರುತ್ತೇನೆ. ವೆಲ್ಷ್ ಹೋಂವರ್ಕ್ ಮುಂದೆ ಇಟ್ಟುಕೊಂಡು ನೀನು ಅಳುತ್ತಿದ್ದೆ. ಹದಿನಾರು ವರ್ಷದವರೆಗೆ ಇಲ್ಲಿ ಎಲ್ಲರೂ ಕಲಿಯಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಪದದ ಮೊದಲ ಅಕ್ಷರವೇ ಬದಲಾಗುತ್ತಮ್ಮ, ಇದೆಂಥ ಭಾಷೆ?’ ಅಂದೆ. ವೇಲ್ಸ್‌ಗೆ ಅವರು ಕಮ್ರಿ ಅಂತಾರೆ, ಆದರೆ ಗಡಿಯ ಬೋರ್ಡ್ ಮೇಲೆ ‘ಕ್ರೋಯ್ಸೋ ಇ ಗಮ್ರಿ’ ಅಂತಿರುತ್ತೆ. ತ್ರೆಗಾರನ್ ಊರಿಗೆ ಹೋಗುವುದಾದರೆ ‘ಇ ದ್ರೆಗಾರನ್’. ಪಾಂಟಿಪ್ರೀದ್‌ಗೆ ಹೋದರೆ ‘ಇ ಬಾಂಟಿಪ್ರೀದ್’. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಕ ತ ಪ ಹೋಗಿ ಗ ದ ಬ ಬರುವುದು! ನಮ್ಮ ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದ ಆದೇಶ ಸಂಧಿ! ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಕಣ್, ಪನಿ ಸೇರಿದರೆ ಕಂಬನಿ. ಎರಡೂ ಕಡೆ ಬದಲಾಗುವ ಸಂದರ್ಭ ಬೇರೆ ಬೇರೆ, ನಿಜ. ಆದರೆ ಅಕ್ಷರ ಮೆತ್ತಗಾಗುವ ರೀತಿ ಒಂದೇ. ಅವರು ಅದಕ್ಕೆ ‘ಮೆದಲ್’ ಅಂತಾರೆ, ಅಂದರೆ ಮೆದು ಅಂತ ನೀನು ಹೇಳಿದಾಗ ನಾನು ನಕ್ಕಿದ್ದು ನೆನಪಿದೆಯಾ? ಸುಮ್ನೆ ಕಾಕತಾಳೀಯ ಅಷ್ಟೇ. ಆದರೂ ನೀನು ಕಣ್ಣೊರೆಸಿಕೊಂಡು ‘ಮಳೆಗಾಲ, ಮಳೆಗಾಲ’ ಅಂತ ನಾಲ್ಕು ಸಲ ಹೇಳಿಕೊಂಡೆ.

ಮಾರ್ಚ್ ಬಂತು. ಸೇಂಟ್ ಡೇವಿಡ್ ದಿನ, ಶಾಲೆಯ ಹಾಡು-ಕವನದ ಸ್ಪರ್ಧೆ, ಐಸ್ಟೆದ್ವೊಡ್. ಹೌಸ್ ಪಾಯಿಂಟ್ಸ್‌ಗೋಸ್ಕರ ನೀನು ಹಿಂದಿನ ರಾತ್ರಿ ವೆಲ್ಷ್ ಕೇಕ್ ಮಾಡಿದೆ. ಅದಕ್ಕೆ ದಪ್ಪ ಕಬ್ಬಿಣದ ಕಲ್ಲು ಬೇಕಂತೆ. ನಮ್ಮ ದೋಸೆ ಕಾವಲಿ ಇತ್ತಲ್ಲ! ಮೈದಾ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ, ಎಲ್ಲ ಸರಿಯಾಗಿತ್ತು. ಆದರೆ ಹತ್ತು ವರ್ಷದ ದೋಸೆ ಎಣ್ಣೆ ಕುಡಿದ ಕಾವಲಿ, ಮೊದಲ ಸುತ್ತಿನ ಕೇಕಿಗೆಲ್ಲ ಸಣ್ಣಗೆ ಮೆಂತ್ಯದ ವಾಸನೆ. ಅಪ್ಪ ಅದರ ಜೊತೆಗೆ ಚಟ್ನಿ ಕೇಳಿದರು. ಎರಡನೇ ಸುತ್ತು ಪರವಾಗಿಲ್ಲ, ಎರಡು ಪಾಯಿಂಟ್ ಬಂತು.

ಅವತ್ತು ಮಧ್ಯಾಹ್ನ ನಿನ್ನ ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು. ಕರೆದುಕೊಂಡು ಹೋಗಲು ಬಂದಾಗ ರಿಸೆಪ್ಷನ್‌ನವರು, ‘ಇಡೀ ಸ್ಕೂಲ್ ಹಾಲ್‌ನಲ್ಲಿದೆ, ಹಿಂದಿನ ಸಾಲಲ್ಲಿ ಹತ್ತು ನಿಮಿಷ ಕೂತಿರಿ’ ಅಂದರು. ನಾನು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ, ಕೈಯಲ್ಲಿ ಕಾರ್ ಕೀ. ವೇದಿಕೆ ಮೇಲೆ ಒಂದು ದೊಡ್ಡ ಮರದ ಕುರ್ಚಿ ಇತ್ತು. ಒಳ್ಳೆಯ ಕವನ ಬರೆದವರಿಗೆ ಆ ಕುರ್ಚಿ ಅಂತ ಪಕ್ಕದವರು ಪಿಸುಗುಟ್ಟಿದರು. ಐಸ್ಟೆದ್ ಅಂದರೆ ಕೂರುವುದಂತೆ. ಕಾರ್ಡಿಗನ್ ಕೋಟೆಯಲ್ಲಿ 1176ರಲ್ಲಿ ರೀಸ್ ಅನ್ನುವ ಅರಸ ಕವಿಗೂ ಹಾಡುಗಾರನಿಗೂ ಕುರ್ಚಿ ಕೊಟ್ಟ ಕಾಲದಿಂದ ಬಂದ ಪದ್ಧತಿ. ನಮ್ಮ ಕಡೆ ವಚನಕಾರರಿದ್ದ ಶತಮಾನ ಅದು.

ತೀರ್ಪುಗಾರರು ಒಬ್ಬೊಬ್ಬರ ಕವನದ ಬಗ್ಗೆ ಹೇಳುತ್ತಾ ಹೋದರು. ಹೆಸರು ಹೇಳುವುದಿಲ್ಲ, ಗುಪ್ತನಾಮ ಮಾತ್ರ. ನಾನು ಗಡಿಯಾರ ನೋಡುತ್ತಿದ್ದೆ. ಆಗ ಅವರು ಕಾಗದ ಸ್ವಲ್ಪ ಹತ್ತಿರ ಹಿಡಿದುಕೊಂಡು, ಬಿಡಿಸಿ ಬಿಡಿಸಿ ಹೇಳಿದರು: ‘ಮಾ... ಲೆ... ಗಾಲಾ.’

ಪುಟ್ಟಿ, ಕೀ ನನ್ನ ಕೈಯಿಂದ ಬಿತ್ತು.

‘ಮಾಲೆಗಾಲಾ’ ಎರಡನೇ ಸ್ಥಾನ ಅಂದರು. ಅಜ್ಜಿಯ ಮನೆಯ ಹೆಂಚಿನ ಮೇಲೆ ಬೀಳುವ ಮಳೆಯನ್ನೂ ಸ್ವಾನ್ಸೀ ಬಸ್‌ಸ್ಟಾಪಿನ ಮಳೆಯನ್ನೂ ಜೊತೆಗಿಟ್ಟ ಕವನ, ಕೊನೆಯ ಎರಡು ಸಾಲು ವೆಲ್ಷ್‌ನಲ್ಲಿದೆ, ಅಕ್ಷರ ಬದಲಾಗುವ ಕಡೆ ಒಂದು ತಪ್ಪೂ ಇಲ್ಲ ಅಂದರು. ಆಮೇಲೆ ಮೊದಲ ಸ್ಥಾನದ ಗುಪ್ತನಾಮ ಕರೆದರು. ತುತ್ತೂರಿ ಊದಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೆಂಪಗಾಗಿ ಎದ್ದು ನಿಂತ. ಅವನನ್ನು ಕುರ್ಚಿಗೆ ಕರೆದುಕೊಂಡು ಹೋಗಿ, ತಲೆಯ ಮೇಲೆ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, ‘ಆ ಓಯ್ಸ್ ಹೆದುಖ್?’ ಅಂತ ಮೂರು ಸಲ ಕೇಳಿದರು. ಶಾಂತಿ ಇದೆಯಾ ಅಂತ. ಮೂರು ಸಲವೂ ಇಡೀ ಹಾಲ್ ‘ಹೆದುಖ್!’ ಅಂತ ಕೂಗಿತು. ನಿನ್ನನ್ನು ಹುಡುಕಿದೆ. ನೀನೂ ಬಾಯ್ತುಂಬ ಕೂಗುತ್ತಿದ್ದೆ. ಎರಡನೇ ಸ್ಥಾನದವರು ಎದ್ದು ನಿಲ್ಲುವ ಪದ್ಧತಿ ಇರಲಿಲ್ಲ. ನಿನ್ನ ಪಕ್ಕದಲ್ಲಿ ಕೂತ ಹುಡುಗಿಗೂ ಮಳೆಗಾಲ ಯಾರು ಅಂತ ಗೊತ್ತಿರಲಿಲ್ಲ.

ಕಾರಿನಲ್ಲಿ ‘ಹೇಗಿತ್ತು?’ ಅಂದೆ. ‘ಓಕೆ’ ಅಂದೆ ನೀನು. ನಾನು ಗೇರ್ ಹಾಕಿದೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಯಾಕೆ ಕೇಳಲಿಲ್ಲ ಅಂದ್ರೆ, ಬಾಯಿ ಬಿಟ್ಟರೆ ‘ಫಸ್ಟ್ ಯಾಕೆ ಬರಲಿಲ್ಲ’ ಅಂತ ಬಂದುಬಿಡುತ್ತೇನೋ ಅಂತ ನನಗೆ ನನ್ನ ಮೇಲೇ ಭಯ. ಆಮೇಲೆ ದಿನ ಕಳೆದ ಹಾಗೆ ಕೇಳುವುದು ಕಷ್ಟವಾಯಿತು.

ಅವತ್ತು ರಾತ್ರಿ ಆ ಕುರ್ಚಿಯ ಬಗ್ಗೆ ಕೂತು ಓದಿದೆ. 1917ರ ರಾಷ್ಟ್ರೀಯ ಐಸ್ಟೆದ್ವೊಡ್‌ನಲ್ಲಿ ಗೆದ್ದವನ ಗುಪ್ತನಾಮ ಕರೆದರೆ ಯಾರೂ ಏಳಲಿಲ್ಲವಂತೆ. ಹೆದ್ ವಿನ್ ಅನ್ನುವ ಕುರಿ ಕಾಯುತ್ತಿದ್ದ ಕವಿ, ಯುದ್ಧಕ್ಕೆ ಹೋಗಿ ಅಲ್ಲಿಂದಲೇ ಕವನ ಕಳಿಸಿದ್ದ. ಅದಕ್ಕೆ ಕೆಲವು ವಾರ ಮುಂಚೆ, ಜುಲೈ 31ರಂದು ಸತ್ತಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಓದಿ ಮುಗಿಸಿ ನಿನ್ನ ರೂಮಿಗೆ ಬಂದು ನಿನ್ನ ಹೊದಿಕೆ ಸರಿ ಮಾಡಿದೆ. ‘ಅಮ್ಮ, ಹೋಗು’ ಅಂದೆ ನಿದ್ದೆಗಣ್ಣಲ್ಲಿ.

ಅದಾದ ಮೇಲೆ ಈ ಟ್ರಿಪ್ಪಿನ ಫಾರ್ಮ್ ತಂದಾಗ ನಾನು ಓದದೇ ಸಹಿ ಹಾಕಿದೆ. ನಿನಗೆ ಆಶ್ಚರ್ಯ ಆಯ್ತು ಅಲ್ವಾ?

ನಾಳೆ ಮೂರು ಗಂಟೆಗೆ ಕಾರ್ ಪಾರ್ಕ್‌ನಲ್ಲಿ ಇರುತ್ತೇನೆ. ಒಣಗಿದ ಸಾಕ್ಸ್, ಫ್ಲಾಸ್ಕ್‌ನಲ್ಲಿ ಬಿಸಿ ಬಿಸಿ ತಿಳಿಸಾರು. ಕಾಲಿಗೆ ಗುಳ್ಳೆ ಎದ್ದಿದ್ದರೆ ಒಡೆಯಬೇಡ, ನಾನು ನೋಡುತ್ತೇನೆ, ಹೇಗೂ ದಿನವಿಡೀ ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದೇ. ಈ ಕಾಗದ ನಿನ್ನ ದಿಂಬಿನ ಕೆಳಗೆ ಇಡುತ್ತೇನೆ. ಓದಿದ ಮೇಲೆ ಆ ಕವನ ಎಲ್ಲಿಟ್ಟಿದ್ದೀಯ ಅಂತ ಹೇಳು. ಓದಿ ಹೇಳುವುದು ಬೇಡ, ಸುಮ್ನೆ ಕೊಡು. ವೆಲ್ಷ್ ಸಾಲುಗಳನ್ನು ನಾನೇ ನಿಘಂಟು ಹಿಡಿದು ಓದುತ್ತೇನೆ, ನೀನು ನನ್ನ ಕನ್ನಡ ಓದುವಷ್ಟೇ ನಿಧಾನಕ್ಕೆ.

ಮಳೆ ಈಗ ಸ್ವಲ್ಪ ಕಡಿಮೆಯಾಗಿದೆ. ಅಪ್ಪ ನಾಲ್ಕನೇ ಸಲ ಎದ್ದರು.

ಆ ಗೊಜ್ಜಿನ ಡಬ್ಬಿ ಮರೆಯದೆ ವಾಪಸ್ ತಾ. ಅದು ಅಜ್ಜಿಯದು.

ನಿನ್ನ
ಅಮ್ಮ