ಒಂದು ದಿನದ ದುಡಿಮೆ, ತೆರೆಯ ಮೇಲೆ ಒಂದೇ ಸೆಕೆಂಡ್: ವಾರ್ತಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ,

ನಮಸ್ಕಾರಗಳು.

ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ 15 ನಿಮಿಷದ ಅನಿಮೇಷನ್ ಚಿತ್ರ. ಒಂಟಿ ಮುದುಕಿ, ಅವಳ ಬೆಕ್ಕು, ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳು. ಮಾತೇ ಇಲ್ಲ. ಮನೆಯೊಳಗೆಲ್ಲ ಬೂದು, ಪೊಟ್ಟಣದ ಚಿತ್ರದೊಳಗೆ ಕಾಲಿಟ್ಟರೆ ಬಣ್ಣವೋ ಬಣ್ಣ. 2006ರಲ್ಲಿ ಅದು ಕಾನ್ ಉತ್ಸವದ ವಿಮರ್ಶಕರ ಸಪ್ತಾಹದಲ್ಲಿ ಪ್ರಶಸ್ತಿ ಗೆದ್ದಿತು. ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಬಾಂಬೆ ರೋಸ್’ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿದ್ದು 2019ರಲ್ಲಿ. ನಡುವೆ 13 ವರ್ಷ! ಕಾನ್‌ನಲ್ಲಿ ಗೆದ್ದವರಿಗೇ ಇಷ್ಟು ಕಾಲ ಹಿಡಿದರೆ, ಹೆಸರಿಲ್ಲದವರ ಗತಿಯೇನು?

ಸರ್ಕಾರದ ಹಣ ಇಂಥವರ ಕೈಗೆ ಸೇರಬೇಕು, ಅದೂ ಕೆಲಸದ ಲಯಕ್ಕೆ ಹೊಂದಿಕೊಂಡು ಸೇರಬೇಕು ಎಂಬುದು ನಮ್ಮ ಕೋರಿಕೆ. ಲೆಕ್ಕ ನೋಡಿ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು; 15 ನಿಮಿಷಕ್ಕೆ 10,800. ಬಣ್ಣ ತುಂಬಿದ 12 ಚಿತ್ರ ಮುಗಿಸುವುದೆಂದರೆ ಒಬ್ಬರಿಗೆ ದಿನವಿಡೀ ಕೆಲಸ. ಅಲ್ಲಿಗೆ 900 ದಿನ, ರಜೆ ಕಳೆದರೆ ಸುಮಾರು ಮೂರು ವರ್ಷ. ನಿಂತ ನೋಟಗಳಲ್ಲಿ ಒಂದಿಷ್ಟು ಸಮಯ ಉಳಿಯುತ್ತದೆ, ಮತ್ತೆ ಬರೆಯಬೇಕಾದ ದೃಶ್ಯಗಳಲ್ಲಿ ಅಷ್ಟೇ ಹೋಗುತ್ತದೆ.

ಇದಕ್ಕೆ ಮಾರ್ಚ್ 31ರ ಗಡುವು ಹಾಕಿದರೆ ಏನಾಗುತ್ತದೆಂದು ಕಸುಬು ಬಲ್ಲವರಿಗೆಲ್ಲ ಗೊತ್ತು. ಚಲನೆಯ ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ಹೊರಗಿನವರಿಗೆ ಹಂಚುತ್ತಾರೆ. ಒಬ್ಬರ ಗೆರೆ ದಪ್ಪ, ಇನ್ನೊಬ್ಬರದು ತೆಳು; ಮುಖ ಒಂದು ತಿರುವಿನಲ್ಲೇ ಬೇರೆಯಾಗುತ್ತದೆ. ಹಾಳೆಯ ತೂತುಗಳು ಪೆಗ್ ಬಾರ್‌ನಲ್ಲಿ, ಅಂದರೆ ಹಾಳೆ ಕದಲದಂತೆ ಹಿಡಿಯುವ ಮೊಳೆಪಟ್ಟಿಯಲ್ಲಿ, ಒಂದು ಮಿಲಿಮೀಟರ್ ಸಡಿಲವಾಗಿ ಕೂತರೂ ಸಾಕು, ದೊಡ್ಡ ತೆರೆಯ ಮೇಲೆ ಗೋಡೆಯೇ ನಡುಗುತ್ತದೆ. ಒಂದೇ ಸೀರೆಗೆ ಬೇರೆ ಬೇರೆ ದಿನ ಕಲಸಿದ ಬಣ್ಣ ಬಳಸಿದರೆ ಆ ಸೀರೆ ಮಿನುಗತೊಡಗುತ್ತದೆ. ಬೇಕೆಂದೇ ಮಿನುಗಿಸುವುದು ಬೇರೆ, ಅವಸರಕ್ಕೆ ಮಿನುಗುವುದು ಬೇರೆ.

ಆದ್ದರಿಂದ ಹಣದ ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಿ. ಅರ್ಜಿಗೆ ಬರೀ ಚಿತ್ರಕಥೆ ಸಾಲದು, ದೃಶ್ಯಗಳನ್ನು ಸಾಲಾಗಿ ಬರೆದು ತೋರಿಸುವ ಕಥಾಫಲಕವನ್ನೂ (ಸ್ಟೋರಿಬೋರ್ಡ್) ಕೇಳಿ. ಮೊದಲ ಕಂತು ಅನಿಮ್ಯಾಟಿಕ್‌ಗೆ, ಅಂದರೆ ಕಚ್ಚಾ ರೇಖಾಚಿತ್ರಗಳನ್ನು ಕಾಲಕ್ಕೂ ಕಚ್ಚಾ ಧ್ವನಿಗೂ ಕೂರಿಸಿದ ರೂಪಕ್ಕೆ. ಇದರ ಬಗ್ಗೆ ಜಿಪುಣತನ ಬೇಡ. ಕ್ಯಾಮೆರಾ ಸಿನಿಮಾದಲ್ಲಿ ಹೆಚ್ಚು ತೆಗೆದು ಆಮೇಲೆ ಕತ್ತರಿಸಬಹುದು. ಇಲ್ಲಿ ಬಣ್ಣ ಹಚ್ಚಿದ ಮೇಲೆ ಹತ್ತು ಸೆಕೆಂಡ್ ಕತ್ತರಿಸಿದರೆ ಹತ್ತು ದಿನದ ದುಡಿಮೆ ಬುಟ್ಟಿಗೆ. ಎರಡನೆಯ ಕಂತನ್ನು ಒಂದು ನಿಮಿಷದ ಪೂರ್ಣ ಮುಗಿದ ದೃಶ್ಯ ನೋಡಿದ ಮೇಲೆ ಕೊಡಿ. ದಿನಕ್ಕೆಷ್ಟು ಚಿತ್ರ ಆಗುತ್ತದೆಂಬ ಸತ್ಯ ಆಗ ತಿಳಿಯುತ್ತದೆ, ಗಡುವನ್ನು ಆಗಲೇ ನಿಗದಿ ಮಾಡಿ. ಮೂರನೆಯದು ಅರ್ಧ ಮುಗಿದಾಗ. ಸಂಗೀತ, ಧ್ವನಿ ಮಿಶ್ರಣ, ಡಿಸಿಪಿಯ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ) ಪಾಲನ್ನು ಮೊದಲೇ ಎತ್ತಿಡಿ; ಎಲ್ಲ ಹಣ ಚಿತ್ರಕ್ಕೇ ಸುರಿದು ಧ್ವನಿಗೆ ಬರಿಗೈ ಆಗುವುದು ತೀರಾ ಸಾಮಾನ್ಯ.

ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್ 1956ರಲ್ಲೇ ಕಾರ್ಟೂನ್ ಘಟಕ ಕಟ್ಟಿತ್ತು. ಆ ಸಂಸ್ಥೆ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನವಾಗಿದೆ, ಹೊಣೆಯೂ ಅಲ್ಲಿಗೇ ಬಂದಿದೆ. ಕಿರುಚಿತ್ರ ಮುಗಿಸಿದವರಿಗೆ ಮುಂದಿನ ಚಿತ್ರದ ಕಥಾಫಲಕ ಬರೆಯಲು ಒಂದು ವರ್ಷದ ವೇತನವನ್ನು ಎನ್‌ಎಫ್‌ಡಿಸಿ ಮೂಲಕವೇ ಕೊಡಿಸಿ. ಆಯ್ಕೆ ಸಮಿತಿಯಲ್ಲಿ ಸ್ವತಃ ಚಿತ್ರ ಬರೆದು ಅದಕ್ಕೆ ಚಲನೆ ಕೊಟ್ಟ ಇಬ್ಬರಾದರೂ ಇರಲಿ.

ಇತಿ,
ಅನಿಮೇಷನ್ ಕಸುಬಿನ ಕೆಲವರು