ಸ್ಪಾರ್ಕ್ ತೆಗೆದರೆ ಪಲ್ಸ್ ಜೆಟ್ ನಿಲ್ಲುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಪಲ್ಸ್ ಜೆಟ್ ಎಂಜಿನ್ ಹಾಕಿದ ರಿಮೋಟ್ ವಿಮಾನಗಳ ಬಗ್ಗೆ ಲೇಖನ ಬಂದಿತ್ತು. ಓದಿ ಖುಷಿಯಾಯಿತು. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲಿತ್ತು, ಸ್ಪಾರ್ಕ್ ಸ್ವಿಚ್ ಆಫ್ ಮಾಡಿದರೆ ಎಂಜಿನ್ ನಿಂತುಹೋಗುತ್ತದೆ ಅಂತ. ಅದು ತಪ್ಪು. ಸಣ್ಣಪುಟ್ಟ ತಪ್ಪಲ್ಲ, ನಂಬಿದವರ ಕೈ ಸುಡುವಂಥ ತಪ್ಪು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಬೈಕಿನ ಎಂಜಿನ್‌ಗಾದರೆ ಆ ಮಾತು ಸರಿ. ಕೀ ತಿರುಗಿಸಿದಿರಿ, ಸ್ಪಾರ್ಕ್ ಹೋಯಿತು, ಎಂಜಿನ್ ನಿಂತಿತು. ಪಲ್ಸ್ ಜೆಟ್‌ಗೆ ಸ್ಪಾರ್ಕ್ ಬೇಕಾಗುವುದು ಶುರು ಮಾಡುವಾಗ ಮಾತ್ರ. ಒಳಗೆ ಏನಾಗುತ್ತದೆ ನೋಡಿ. ಮುಂದೆ ತೂತುಗಳಿರುವ ತಲೆ, ಆ ತೂತುಗಳನ್ನು ಮುಚ್ಚುವ ತೆಳು ಉಕ್ಕಿನ ಎಸಳುಗಳು, ಅದರ ಹಿಂದೆ ಉರಿಯುವ ಕೋಣೆ, ಆಮೇಲೆ ಉದ್ದದ ಬಾಲದ ಪೈಪು. ಇಷ್ಟೇ ಎಂಜಿನ್. ಪೆಟ್ರೋಲು ಗಾಳಿ ಸೇರಿ ಒಂದು ಸಲ ಢಮ್ ಅಂದಾಗ ಒತ್ತಡಕ್ಕೆ ಎಸಳುಗಳು ತೂತಿಗೆ ಅಂಟಿಕೊಳ್ಳುತ್ತವೆ, ಬಿಸಿ ಗಾಳಿಗೆ ಹಿಂದಿನ ದಾರಿ ಬಿಟ್ಟರೆ ಬೇರೆ ದಾರಿಯಿಲ್ಲ, ಹೊರಟ ರಭಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಹೊರಗೆ ಹೋಗಿಬಿಡುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಎಸಳು ತೆರೆದುಕೊಂಡು ಹೊಸ ಗಾಳಿ ಪೆಟ್ರೋಲನ್ನು ಎಳೆದುಕೊಂಡು ಬರುತ್ತದೆ. ಅಷ್ಟರಲ್ಲಿ ಬಾಲದ ಕಡೆಯಿಂದ ಸ್ವಲ್ಪ ಬಿಸಿ ಅನಿಲ ವಾಪಸು ಬಂದು ಅದನ್ನು ಹೊತ್ತಿಸುತ್ತದೆ. ಮತ್ತೆ ಢಮ್. ಅಂದರೆ ಹಿಂದಿನ ಬೆಂಕಿಯೇ ಮುಂದಿನದಕ್ಕೆ ಕಡ್ಡಿ ಗೀರುತ್ತದೆ. ಪೆಟ್ರೋಲು ಸಿಗುವವರೆಗೂ ಅದು ನಿಲ್ಲುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಮೊದಲ ಸಲ ನಾನೂ ಗೆಳೆಯನೊಬ್ಬನೂ ಸೇರಿ ಮಾಡಿದ ಎಂಜಿನ್ ಅನ್ನು ಮರದ ಮೇಜಿಗೆ ಬಿಗಿದು ಓಡಿಸಿದೆವು. ಸೈಕಲ್ ಪಂಪಿನಿಂದ ಗಾಳಿ ಊದುವುದು ಅವನು, ಸ್ಪಾರ್ಕ್ ಬಟನ್ ನನ್ನ ಕೈಯಲ್ಲಿ. ಹತ್ತಿಪ್ಪತ್ತು ಸಲ ಬುಸ್ ಬುಸ್ ಅಂತ ಸುಮ್ನೆ ಉಗುಳಿತು. ಆಮೇಲೆ ಒಮ್ಮೆಲೇ ಹಿಡಿದುಕೊಂಡಿತು. ಆ ಸದ್ದು ಹೇಗಿರುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ, ಕಿವಿಯಲ್ಲಿ ಅಲ್ಲ, ಎದೆಗೂಡಿನಲ್ಲಿ ಕೇಳಿಸುತ್ತದೆ. ನಾನು ಧೈರ್ಯವಾಗಿ ಬಟನ್ ಬಿಟ್ಟೆ. ಏನೂ ಆಗಲಿಲ್ಲ. ವೈರನ್ನೇ ಕಿತ್ತೆ. ಆಗಲೂ ಏನೂ ಆಗಲಿಲ್ಲ. ಪೆಟ್ರೋಲಿನ ಕೊಳಾಯಿ ಇದ್ದದ್ದು ಟ್ಯಾಂಕಿನ ಬುಡದಲ್ಲಿ, ಕೆಂಪಗೆ ಕಾದ ಪೈಪಿನಿಂದ ಒಂದು ಗೇಣು ದೂರದಲ್ಲಿ. ಯಾರು ಕೈ ಹಾಕುತ್ತಾರೆ? ಟ್ಯಾಂಕ್ ಖಾಲಿಯಾಗುವವರೆಗೆ ಇಬ್ಬರೂ ಮಿಕಮಿಕ ನೋಡುತ್ತಾ ನಿಂತೆವು. ಪೈಪಿನ ಕೆಳಗಿನ ಮರ ಕಪ್ಪಾಗಿ ಹೊಗೆಯಾಡುತ್ತಿತ್ತು. ಅವತ್ತು ಟ್ಯಾಂಕಿಗೆ ಅರ್ಧ ಲೋಟದಷ್ಟೇ ಪೆಟ್ರೋಲು ಹಾಕಿದ್ದೆವು. ತುಂಬ ಹಾಕಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು.

ಲೇಖನದಲ್ಲಿ 'ಇದು ತುಂಬಾ ಸರಳ ಎಂಜಿನ್' ಎಂದಿದ್ದೀರಿ. ನೋಡಲು ಸರಳ, ಒಪ್ಪುತ್ತೇನೆ. 1940ರ ದಶಕದ ಅಮೆರಿಕದ ಡೈನಾಜೆಟ್ ಅನ್ನುವ ಪುಟ್ಟ ಎಂಜಿನ್ ಈಗಲೂ ಹವ್ಯಾಸಿಗಳಿಗೆ ಮಾದರಿ. ಅದರ ತೂಕ ಅರ್ಧ ಕೆ.ಜಿ. ಆಸುಪಾಸು, ತಳ್ಳುವ ಬಲ 2 ಕೆ.ಜಿ. ಹತ್ತಿರ. ಅಷ್ಟು ಹಗುರದಲ್ಲಿ ಅಷ್ಟು ಬಲ ಅಂದರೆ ಆಸೆಯಾಗದೆ ಇರುತ್ತದಾ? ಆದರೆ ಇದರ ಜೀವ ಇರುವುದು ಆ ಎಸಳುಗಳಲ್ಲಿ. ಸುಮಾರು 0.15 ಮಿ.ಮೀ. ದಪ್ಪದ ಸ್ಪ್ರಿಂಗ್ ಉಕ್ಕು, ಹೂವಿನಂತೆ ಕತ್ತರಿಸಿದ್ದು. ಇಷ್ಟು ಸಣ್ಣ ಎಂಜಿನ್‌ನಲ್ಲಿ ಅದು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ತೆರೆದು ಮುಚ್ಚಿ ಬಡಿದುಕೊಳ್ಳುತ್ತದೆ. ಕತ್ತರಿಯಲ್ಲಿ ಕತ್ತರಿಸಿ ಅಂಚನ್ನು ಹಾಗೇ ಬಿಟ್ಟರೆ ಅಲ್ಲಿಂದಲೇ ಬಿರುಕು ಶುರು. ನಯವಾದ ಕಲ್ಲಿನಲ್ಲಿ ಅಂಚು ಉಜ್ಜಬೇಕು. ತಲೆಯ ಮುಖವನ್ನು ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಸಪಾಟು ಮಾಡಬೇಕು. ಆಮೇಲೆ ಎಸಳು ಕೂರಿಸಿ ದೀಪದ ಎದುರು ಹಿಡಿದು ನೋಡಿ. ಯಾವುದಾದರೂ ಎಸಳಿನ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೂ ಅವತ್ತು ಎಂಜಿನ್ ಹಿಡಿಯುವುದಿಲ್ಲ, ಪಂಪು ಹೊಡೆದು ಭುಜ ನೋಯಿಸಿಕೊಳ್ಳುವುದಷ್ಟೇ. ಇಷ್ಟೆಲ್ಲ ಮಾಡಿದರೂ ಎಸಳುಗಳ ಆಯಸ್ಸನ್ನು ನಿಮಿಷಗಳಲ್ಲೇ ಎಣಿಸಬೇಕು. ನೆಲದ ಮೇಲೆ ಓಡಿಸಿದರೆ ಇನ್ನೂ ಬೇಗ ಹೋಗುತ್ತವೆ, ಯಾಕೆಂದರೆ ಅಲ್ಲಿ ತಣ್ಣಗೆ ಮಾಡುವ ಎದುರುಗಾಳಿ ಇರುವುದಿಲ್ಲ. ನಾನೀಗ ನೆಲದ ಮೇಲೆ 15 ಸೆಕೆಂಡಿಗಿಂತ ಜಾಸ್ತಿ ಓಡಿಸುವುದಿಲ್ಲ.

ಎಸಳೇ ಇಲ್ಲದ ಪಲ್ಸ್ ಜೆಟ್‌ಗಳೂ ಇವೆ, ಯು ಅಕ್ಷರದ ಹಾಗೆ ಬಗ್ಗಿದವು. ಸವೆಯುವ ಭಾಗ ಇಲ್ಲ ನಿಜ, ಆದರೆ ಉದ್ದ ದೊಡ್ಡದು, ವಿಮಾನದ ಮೇಲೆ ಹೊಂದಿಸುವುದು ತಲೆನೋವು. ಅದು ಬೇರೆಯೇ ಕಥೆ.

ವಿಮಾನಕ್ಕೆ ಕೂರಿಸುವಾಗ ನಾನು ಮಾಡಿದ ಇನ್ನೊಂದು ದಡ್ಡತನ ಹೇಳಿಬಿಡುತ್ತೇನೆ. ಪೈಪು ಅಲುಗಬಾರದು ಅಂತ ಮುಂದೆ ಹಿಂದೆ ಎರಡೂ ಕಡೆ ಬೋಲ್ಟ್ ಹಾಕಿ ಬಿಗಿದೆ. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಪೈಪು 700 ಡಿಗ್ರಿ ಬಿಸಿಯಾದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ನನ್ನ ಪೈಪು ಎಲ್ಲಿಗೆ ಬೆಳೆಯಬೇಕು? ಹಿಂದಿನ ಬ್ರಾಕೆಟ್ಟನ್ನು ಕಿತ್ತುಕೊಂಡು ಬೆಳೆಯಿತು. ಈಗ ತಲೆಯ ಹತ್ತಿರ ಮಾತ್ರ ಬಿಗಿ, ಹಿಂದೆ ಸಡಿಲವಾದ ಬಳೆಯಲ್ಲಿ ಪೈಪು ತನ್ನಷ್ಟಕ್ಕೆ ಜಾರಾಡುತ್ತದೆ. ಎಂಜಿನ್ ಅನ್ನು ವಿಮಾನದ ಬೆನ್ನ ಮೇಲೆ ಎತ್ತರದಲ್ಲಿ ಕೂರಿಸಿ, ನಡುವೆ ಗಾಳಿ ಹರಿಯಲು ಜಾಗ ಬಿಟ್ಟು, ಕೆಳಗೆ ಅಲ್ಯೂಮಿನಿಯಂ ತಗಡು ಹಾಕಿದ್ದೇನೆ. ಬಾಲದ ರೆಕ್ಕೆಗಳನ್ನು ಬೆಂಕಿಯ ದಾರಿಯಿಂದ ಆಚೀಚೆ ಸರಿಸಿದ್ದೇನೆ. ವಿಮಾನದ ಮೈ ಜೋಡಿಸುವ ಸಾಮಾನ್ಯ ಎಪಾಕ್ಸಿ ಅಂಟು ಕುದಿಯುವ ನೀರಿನ ಬಿಸಿಗೆ ಮೊದಲೇ ಮೆತ್ತಗಾಗುತ್ತದೆ ಅನ್ನುವುದು ನೆನಪಿರಲಿ. ಎಂಜಿನ್ ಓಡುವಾಗ ಗಾಳಿ ಇರುತ್ತದೆ, ಬಿಸಿ ಹೊತ್ತೊಯ್ಯುತ್ತದೆ. ನಿಂತ ಮೇಲೆ ಆ ಬಿಸಿಯೆಲ್ಲ ನಿಧಾನಕ್ಕೆ ಮೈಗೆ ಇಳಿಯುತ್ತದೆ. ಇಳಿದು ಎರಡು ನಿಮಿಷವಾದ ಮೇಲೆ ಸೊಟ್ಟಗಾದ ವಿಮಾನವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಮುಖ್ಯ ವಿಷಯ, ನಿಲ್ಲಿಸುವುದು. ಇದಕ್ಕೆ ವೇಗ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಅಂತ ನೆಚ್ಚಿಕೊಳ್ಳುವಂಥದ್ದು ಏನೂ ಇಲ್ಲ. ಓಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪೆಟ್ರೋಲಿನ ಟ್ಯೂಬನ್ನು ಚಿವುಟಿ ಹಿಡಿಯುವ ಒಂದು ಸರ್ವೋ, ಅಂದರೆ ರಿಮೋಟಿನ ಮಾತು ಕೇಳುವ ಪುಟ್ಟ ಮೋಟರ್, ಬೇಕೇ ಬೇಕು, ಅದಕ್ಕೆ ರಿಮೋಟಿನಲ್ಲಿ ಬೇರೆಯದೇ ಸ್ವಿಚ್ ಇರಬೇಕು. ಸಿಲಿಕೋನ್ ಟ್ಯೂಬ್ ಹಾಕಬೇಡಿ, ಪೆಟ್ರೋಲಿಗೆ ಊದಿಕೊಂಡು ಹಾಳಾಗುತ್ತದೆ, ಬೇಕಾದಾಗ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಪೆಟ್ರೋಲಿಗೆಂದೇ ಮಾಡಿದ ಟ್ಯೂಬ್ ಹಾಕಿ.

ಇನ್ನು ಫೇಲ್‌ಸೇಫ್, ಅಂದರೆ ರಿಮೋಟಿನ ಸಿಗ್ನಲ್ ತಪ್ಪಿದಾಗ ವಿಮಾನ ತಾನಾಗಿ ಏನು ಮಾಡಬೇಕು ಅನ್ನುವ ಏರ್ಪಾಡು. ವಿಮಾನದೊಳಗೆ ಸಿಗ್ನಲ್ ಹಿಡಿಯುವ ಬಹಳಷ್ಟು ರಿಸೀವರ್‌ಗಳಲ್ಲಿ ನಾವಾಗಿ ಏನೂ ಹೇಳದಿದ್ದರೆ, ಸಿಗ್ನಲ್ ತಪ್ಪಿದಾಗ ಸರ್ವೋಗಳು ಕೊನೆಗೆ ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಅಂದರೆ ಪೆಟ್ರೋಲು ತೆರೆದೇ ಇರುತ್ತದೆ, ವಿಮಾನ ಪೂರ್ತಿ ವೇಗದಲ್ಲಿ ಯಾರ ಮಾತೂ ಕೇಳದೆ ಹೋಗುತ್ತಿರುತ್ತದೆ! ಸಿಗ್ನಲ್ ಹೋದ ಕೂಡಲೇ ಪೆಟ್ರೋಲು ಮುಚ್ಚಬೇಕು ಅಂತ ಹೊಂದಿಸಿ. ಹೊಂದಿಸಿದ ಮೇಲೆ ನಂಬಬೇಡಿ, ಎಂಜಿನ್ ಓಡದಿರುವಾಗ ರಿಮೋಟ್ ಆಫ್ ಮಾಡಿ ಆ ಸರ್ವೋ ಟ್ಯೂಬನ್ನು ಚಿವುಟುತ್ತದಾ ಅಂತ ಕಣ್ಣಿಂದ ನೋಡಿ. ಪ್ರತಿ ಹಾರಾಟಕ್ಕೂ ಮುಂಚೆ. ಟ್ಯಾಂಕ್ ಕೂಡ ಎರಡು ಮೂರು ನಿಮಿಷಕ್ಕೆ ಸಾಕಾಗುವಷ್ಟೇ ಇರಲಿ. ಎಲ್ಲ ಕೈಕೊಟ್ಟರೂ ಖಾಲಿ ಟ್ಯಾಂಕ್ ಕೈಕೊಡುವುದಿಲ್ಲ.

ಟ್ಯಾಂಕಿನ ಎತ್ತರದ ಬಗ್ಗೆಯೂ ಒಂದು ಮಾತು. ಪೆಟ್ರೋಲಿನ ಮಟ್ಟ, ಎಂಜಿನ್ ಒಳಗೆ ಪೆಟ್ರೋಲು ಚಿಮ್ಮುವ ಸಣ್ಣ ತೂತಿಗಿಂತ ತುಸು ಕೆಳಗಿರಬೇಕು. ಮೇಲಿದ್ದರೆ ತಾನಾಗಿ ಹರಿದು ಒಳಗೆ ತುಂಬಿಕೊಳ್ಳುತ್ತದೆ, ಶುರು ಮಾಡುವಾಗ ಬಾಲದಿಂದ ಬೆಂಕಿ ಸುರಿಯುತ್ತದೆ. ಇನ್ನು ಹಾರುವಾಗ ಮೂತಿ ಕೆಳಗೆ ಮಾಡಿದರೆ ಪೆಟ್ರೋಲು ಒಂದು ಕಡೆ ಸರಿದು ಟ್ಯೂಬಿಗೆ ಸಿಗದೆ ಎಂಜಿನ್ ನಿಲ್ಲಬಹುದು. ಇದು ನಮ್ಮಂಥವರ ಆಟಿಕೆಗಳಿಗೆ ಮಾತ್ರ ಬಂದ ತೊಂದರೆಯಲ್ಲ. 1944ರ ಜೂನ್ 13ರಿಂದ ಲಂಡನ್ ಮೇಲೆ ಬೀಳತೊಡಗಿದ ಜರ್ಮನಿಯ ವಿ-1 ಬಾಂಬುಗಳೂ ಪಲ್ಸ್ ಜೆಟ್‌ನವೇ. ಪೈಪು ಮೂರು ಮೀಟರಿಗೂ ಉದ್ದ, ಹಾಗಾಗಿ ಬಡಿತ ಸೆಕೆಂಡಿಗೆ 45ರ ಸುತ್ತಮುತ್ತ. ಕೊಳಲಿನ ಲೆಕ್ಕವೇ ಇಲ್ಲೂ, ಉದ್ದವಾದಷ್ಟೂ ಸ್ವರ ಕೆಳಗೆ. ಅವು ಕೆಳಕ್ಕೆ ಬಾಗಿದಾಗ ಇಂಧನ ಸಿಗದೆ ಎಂಜಿನ್ ನಿಲ್ಲುತ್ತಿತ್ತು, ಸದ್ದು ನಿಂತಿತೆಂದರೆ ಕೆಳಗಿದ್ದ ಜನ ಉಸಿರು ಬಿಗಿ ಹಿಡಿಯುತ್ತಿದ್ದರು. ನಮ್ಮ ಮೈದಾನದಲ್ಲಿ ಅದರ ಉಲ್ಟಾ. ಸದ್ದು ನಿಂತಾಗಲೇ ನಾವು ಉಸಿರು ಬಿಡುವುದು.

ಉಸಿರು ಬಿಟ್ಟರೂ ಕೆಲಸ ಮುಗಿದಿಲ್ಲ. ಎಂಜಿನ್ ನಿಲ್ಲಿಸಿ ತೇಲಿಸಿಕೊಂಡೇ ಇಳಿಸಬೇಕು, ತಪ್ಪಿದರೆ ಇನ್ನೊಂದು ಸುತ್ತು ಹೋಗುವ ಅವಕಾಶವಿಲ್ಲ. ಅದಕ್ಕೆ ಅದೇ ಅಳತೆಯ ವಿಮಾನಕ್ಕೆ ಎಲೆಕ್ಟ್ರಿಕ್ ಮೋಟರ್ ಹಾಕಿ, ಮೇಲೆ ಹೋಗಿ, ಮೋಟರ್ ಆಫ್ ಮಾಡಿ ಇಳಿಸುವುದನ್ನು ಹತ್ತಾರು ಸಲ ಮಾಡಿ. ಗಂಟೆಗೆ 250 ಕಿ.ಮೀ. ವೇಗ ಅಂದರೆ ಮೂರು ಸೆಕೆಂಡಿಗೆ 200 ಮೀಟರ್. ಒಂದು ಸೀನು ಬಂತು ಅಂದುಕೊಳ್ಳಿ, ಕಣ್ಣು ಬಿಡುವಷ್ಟರಲ್ಲಿ ವಿಮಾನ ಚುಕ್ಕೆಯಾಗಿರುತ್ತದೆ. ಅದು ಹತ್ತಿರ ಬರುತ್ತಿದೆಯಾ ದೂರ ಹೋಗುತ್ತಿದೆಯಾ ಗೊತ್ತಾಗುವುದಿಲ್ಲ. ರೆಕ್ಕೆಯ ಮೇಲ್ಗಡೆ ಒಂದು ಬಣ್ಣ, ಕೆಳಗಡೆ ಇನ್ನೊಂದು ಬಣ್ಣ ಬಳಿಯುವುದು ಚೆಂದಕ್ಕಲ್ಲ. ವಿಶಾಲವಾದ ಬಯಲಿರಬೇಕು, ಜನ ದನ ರಸ್ತೆ ಯಾವುದೂ ಹತ್ತಿರ ಇರಬಾರದು, ಹಾರಿಸಲು ಬೇಕಾದ ಅನುಮತಿಯೂ ಇರಬೇಕು. ಒಣ ಹುಲ್ಲಿನ ಕಾಲದಲ್ಲಿ ನಾನಂತೂ ಹಾರಿಸುವುದೇ ಇಲ್ಲ. ಇಳಿದ ಮೇಲೂ ಪೈಪು ಹುಲ್ಲು ಹೊತ್ತಿಸುವಷ್ಟು ಬಿಸಿ ಇರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದುಕೊಂಡು ಒಬ್ಬರು ನಿಂತಿರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು, ಫೋಟೋ ತೆಗೆಯುವ ಕೆಲಸವಂತೂ ಬೇಡ. ಬಕೆಟ್ ನೀರು ಸಾಲದು, ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ.

ಫೋಟೋ ಅಂದಾಗ ನೆನಪಾಯಿತು. ಲೇಖನದ ಜೊತೆ ಹಾಕಿದ್ದ ಚಿತ್ರದಲ್ಲಿ ಹುಡುಗನೊಬ್ಬ ಕೆಂಪಗೆ ಕಾದ ಪೈಪಿನ ಪಕ್ಕ ಬರಿ ಕಿವಿಯಲ್ಲಿ ನಗುತ್ತಾ ನಿಂತಿದ್ದಾನೆ. ಚಿತ್ರ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ನಿಂತವರಿಗೆ ಈ ಸದ್ದು 120 ಡೆಸಿಬಲ್ ದಾಟುತ್ತದೆ. ಕಿವಿಯೊಳಗೆ ಪ್ಲಗ್ಗು, ಅದರ ಮೇಲೆ ಮುಚ್ಚಳ, ಎರಡೂ ಬೇಕು. ಮೊದಲ ದಿನ ನಾನು ಹತ್ತಿ ತುರುಕಿಕೊಂಡಿದ್ದೆ. ಎರಡು ದಿನ ಕಿವಿಯಲ್ಲಿ ಕುಂಯ್ ಅನ್ನುವುದು ನಿಲ್ಲಲಿಲ್ಲ, ಮನೆಯಲ್ಲಿ ಯಾರು ಏನು ಹೇಳಿದರೂ 'ಆಂ?' ಅಂತಿದ್ದೆ.

ಲೇಖನ ಬರೆದವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅವರಿಗೆ ಯಾರೋ ಹೇಳಿದ್ದನ್ನು ಬರೆದಿರಬಹುದು. ಮುಂದಿನ ವಾರ ಅದೇ ಪುಟದಲ್ಲಿ ಎರಡೇ ಸಾಲಿನ ತಿದ್ದುಪಡಿ ಹಾಕಿ, ಸಾಕು: ಸ್ಪಾರ್ಕ್ ಆಫ್ ಮಾಡಿದರೆ ಪಲ್ಸ್ ಜೆಟ್ ನಿಲ್ಲುವುದಿಲ್ಲ, ಪೆಟ್ರೋಲು ನಿಲ್ಲಿಸಬೇಕು. ಜಾಗ ಇದ್ದರೆ ಎಸಳಿನ ಒಂದು ಚಿತ್ರವನ್ನೂ ಹಾಕಿ. ಹತ್ತು ನಿಮಿಷ ಓಡಿ ತುದಿ ಹರಿದ ನನ್ನ ಹಳೆಯದೊಂದನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ, ವಾಪಸು ಕಳಿಸುವುದು ಬೇಡ. ಅಂಚು ಚೂಪಾಗಿದೆ, ತೆರೆಯುವಾಗ ಬೆರಳು ಜೋಪಾನ.

ಇತಿ,
ನಿಮ್ಮ ಹಳೆಯ ಓದುಗ